ಕಡಲತೀರದ ಮರಳಿನ ಲೆಕ್ಕ ಇಡುವುದು ಹೇಗೆ

ಉಳ್ಳಾಲದಿಂದ ಕಾರವಾರದವರೆಗೆ ಪ್ರತಿ ಆಷಾಢದಲ್ಲೂ ಕಡಲ್ಕೊರೆತದ ಸುದ್ದಿ ಇದ್ದೇ ಇರುತ್ತದೆ. ತೆಂಗಿನ ಮರ ಉರುಳುತ್ತದೆ, ಮೀನುಗಾರಿಕೆ ರಸ್ತೆ ಅರ್ಧ ಕುಸಿಯುತ್ತದೆ, ಲಾರಿಗಳಲ್ಲಿ ಕಗ್ಗಲ್ಲು ಬರುತ್ತದೆ. ಹೋದ ಮರಳು ಎಷ್ಟು, ಅದು ಹೋದದ್ದು ಎಲ್ಲಿಗೆ, ಮಳೆಗಾಲ ಮುಗಿದ ಮೇಲೆ ಎಷ್ಟು ವಾಪಸ್ ಬಂತು ಎಂಬುದನ್ನು ಮಾತ್ರ ಹೆಚ್ಚಿನ ಊರುಗಳಲ್ಲಿ ಯಾರೂ ಬರೆದಿಟ್ಟಿರುವುದಿಲ್ಲ. ಈ ಮೂರು ಅಂಕಿ ಇಲ್ಲದೆ ಗೋಡೆ ಕಟ್ಟಬೇಕೋ, ಬಿಡಬೇಕೋ ಎಂದು ತೀರ್ಮಾನಿಸುವುದು ಕುರುಡು ಕೆಲಸ.

ಅಳತೆಗೆ ದುಬಾರಿ ಉಪಕರಣ ಬೇಡ. ಎರಡು ಕೋಲು, ಎರಡು ಮೀಟರಿನ ಒಂದು ರೀಪು, ನೋಟ್‌ಬುಕ್ಕು ಮತ್ತು ಇಬ್ಬರು ಮನುಷ್ಯರು ಸಾಕು. ಶಾಲೆಯ ಇಕೋ ಕ್ಲಬ್ಬು, ಮೀನುಗಾರರ ಸಂಘ, ಗ್ರಾಮ ಪಂಚಾಯಿತಿ, ಯಾರು ಬೇಕಾದರೂ ಮಾಡಬಹುದು. ಆದರೆ ಕನಿಷ್ಠ ಒಂದು ವರ್ಷ ಬಿಡದೆ ಮಾಡಬೇಕು. ಎರಡು ವರ್ಷ ಮಾಡಿದರೆ ಮಾತಿಗೆ ಬಲ ಬರುತ್ತದೆ.

ಮರಳು ಎಲ್ಲೆಲ್ಲಿ ಕೂತಿರುತ್ತದೆ

ಅಳೆಯುವ ಮೊದಲು ಮರಳಿನ ದಾಸ್ತಾನು ಎಲ್ಲೆಲ್ಲಿದೆ ಎಂದು ಗುರುತಿಸಿಕೊಳ್ಳಿ. ನೆಲದ ಕಡೆಯಿಂದ ಕಡಲಿನ ಕಡೆಗೆ ನಡೆದರೆ ಮೊದಲು ಸಿಗುವುದು ಅಡುಂಬು ಬಳ್ಳಿ, ರಾವಣನ ಮೀಸೆ ಹುಲ್ಲು ಬೆಳೆದ ಮರಳು ದಿಬ್ಬ. ಅದರ ಮುಂದೆ ಉಬ್ಬರದ ಗೆರೆಯಿಂದ ಮೇಲೆ ಸಮತಟ್ಟಾಗಿ ಹರಡಿದ ಒಣ ಮರಳು, ಅಂದರೆ ಬರ್ಮ್. ಆಮೇಲೆ ಅಲೆ ಏರಿ ಇಳಿಯುವ ಇಳಿಜಾರು. ನೀರಿನೊಳಗೆ, ಅಲೆ ಮೊದಲು ಒಡೆಯುವ ಜಾಗದ ಅಡಿಯಲ್ಲಿ, ದಡಕ್ಕೆ ಸಮಾನಾಂತರವಾಗಿ ಮುಳುಗಿದ ಮರಳ ದಿಣ್ಣೆ. ನದಿ ಸೇರುವ ಕಡೆ ಇನ್ನೂ ಮೂರು ಇವೆ: ಅಳಿವೆಯ ಬಾಯಿಗೆ ಚಾಚಿಕೊಂಡ ಬೆಂಗ್ರೆ ಎಂಬ ಉದ್ದನೆಯ ಮರಳ ಪಟ್ಟಿ, ಅಳಿವೆಯ ಹೊರಗೆ ಕಡಲಿನಲ್ಲಿ ಅರ್ಧಚಂದ್ರದಂತೆ ಹರಡಿದ ದಿಬ್ಬ, ಅಳಿವೆಯ ಒಳಗೆ ಉಬ್ಬರ ತಂದು ಹಾಕಿದ ದಿಬ್ಬ.

ನಮ್ಮ ಕರಾವಳಿಯಲ್ಲಿ ಈ ದಾಸ್ತಾನು ಅಗಾಧವೇನಲ್ಲ. ಸುಮಾರು 10 ಮೀಟರ್ ಆಳ ದಾಟಿದರೆ ಹೆಚ್ಚಿನ ಕಡೆ ಕಡಲ ತಳದಲ್ಲಿರುವುದು ಕೆಸರು. ತೀರ ಕಟ್ಟಲು ಯೋಗ್ಯವಾದ ಮರಳು ದಡಕ್ಕೆ ಅಂಟಿಕೊಂಡ ಕಿರಿದಾದ ಪಟ್ಟಿಯಲ್ಲಿ ಮಾತ್ರ ಇದೆ. ಅದಕ್ಕೆ ಹೊಸ ಮರಳು ತರುವುದು ಮುಖ್ಯವಾಗಿ ಘಟ್ಟದಿಂದ ಇಳಿಯುವ ಹೊಳೆಗಳು. ಶರಾವತಿಯ ಮರಳಿಗೆ 1964ರಿಂದ ಲಿಂಗನಮಕ್ಕಿ ಅಡ್ಡ ನಿಂತಿದೆ, ಕಾಳಿಯ ಮರಳಿಗೆ ಸೂಪಾ ಮತ್ತು ಅದರ ಕೆಳಗಿನ ಅಣೆಕಟ್ಟುಗಳು ಅಡ್ಡ ನಿಂತಿವೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿಯ ಹೊಳೆಗಳಲ್ಲಿ ಮರಳು ಕಡಲಿಗೆ ತಲುಪುವ ಮೊದಲೇ ದೋಣಿಗೂ ಲಾರಿಗೂ ಏರುವ ಪಾಲು ಇದೆ, ಅದನ್ನೂ ಲೆಕ್ಕದಲ್ಲಿ ಬರೆಯಬೇಕು.

ಮಳೆಗಾಲ ಒಯ್ದದ್ದನ್ನು ಬೇಸಿಗೆ ತರುವುದು ಏಕೆ

ಇದನ್ನು ಅರ್ಥ ಮಾಡಿಕೊಳ್ಳದೆ ಅಳತೆಗೆ ಇಳಿದರೆ ಮೊದಲ ವರ್ಷವೇ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಒಂದು ಅಲೆ ಮರಳು ಕಣವನ್ನು ತಳದಿಂದ ಎಬ್ಬಿಸುತ್ತದೆ. ಮುಂದಿನ ಅಲೆ ಬರುವುದರೊಳಗೆ ಆ ಕಣ ಮತ್ತೆ ತಳ ಸೇರಿದರೆ, ದಡದ ಕಡೆಗಿನ ತಳ್ಳಾಟ ಅದನ್ನು ನಿಧಾನವಾಗಿ ಮೇಲಕ್ಕೆ ತರುತ್ತದೆ. ತಳ ಸೇರದೆ ನೀರಿನಲ್ಲೇ ತೇಲುತ್ತಿದ್ದರೆ, ಹಿಂದಕ್ಕೆ ಹರಿಯುವ ತಳಪ್ರವಾಹ ಅದನ್ನು ಆಳಕ್ಕೆ ಎಳೆದೊಯ್ಯುತ್ತದೆ. ಅಲೆಯ ಎತ್ತರ, ಎರಡು ಅಲೆಗಳ ನಡುವಿನ ಸಮಯ, ಕಣ ಕೆಳಗಿಳಿಯುವ ವೇಗ ಈ ಮೂರೂ ಸೇರಿ ಫಲಿತಾಂಶ ನಿರ್ಧಾರವಾಗುತ್ತದೆ. ಒಡೆಯುವ ಅಲೆಯ ಎತ್ತರವನ್ನು, ಕಣ ಇಳಿಯುವ ವೇಗ ಮತ್ತು ಅಲೆಯ ಅವಧಿಯ ಗುಣಲಬ್ಧದಿಂದ ಭಾಗಿಸಿದರೆ ಬರುವುದಕ್ಕೆ ಡೀನ್ ಸಂಖ್ಯೆ ಎನ್ನುತ್ತಾರೆ. ಅದು 1ರ ಆಸುಪಾಸಿನಲ್ಲಿದ್ದರೆ ಮರಳು ದಡಕ್ಕೆ ಏರುತ್ತದೆ, ತೀರ ಕಡಿದಾಗುತ್ತದೆ. 6 ದಾಟಿದರೆ ಮರಳು ಆಳಕ್ಕೆ ಸರಿದು ತೀರ ಅಗಲವಾಗಿ ಚಪ್ಪಟೆಯಾಗುತ್ತದೆ.

ಒಂದು ಲೆಕ್ಕ ನೋಡಿ. ಕಣದ ಗಾತ್ರ 0.25 ಮಿಲಿಮೀಟರ್ ಇದ್ದರೆ ಅದು ನೀರಿನಲ್ಲಿ ಸೆಕೆಂಡಿಗೆ ಸುಮಾರು 3 ಸೆಂ.ಮೀ. ಇಳಿಯುತ್ತದೆ. ಜುಲೈಯಲ್ಲಿ ಅಲೆ 2.5 ಮೀಟರ್, ಅವಧಿ 9 ಸೆಕೆಂಡು ಎಂದುಕೊಳ್ಳಿ: 2.5 ÷ (0.03 × 9) = 9.3. ಡಿಸೆಂಬರಿನಲ್ಲಿ ಅಲೆ 0.6 ಮೀಟರ್, ಅವಧಿ 12 ಸೆಕೆಂಡು: 0.6 ÷ (0.03 × 12) = 1.7. ಅದೇ ತೀರ, ಅದೇ ಮರಳು. ಮಳೆಗಾಲದಲ್ಲಿ ಬರ್ಮಿನ ಮರಳು ನೀರೊಳಗಿನ ದಿಣ್ಣೆಗೆ ಹೋಗುತ್ತದೆ, ಅಕ್ಟೋಬರಿನಿಂದ ಶಾಂತವಾದ ಉದ್ದನೆಯ ಅಲೆಗಳು ಅದನ್ನೇ ಮತ್ತೆ ಮೇಲೆ ತರುತ್ತವೆ. ಒಯ್ಯಲು ಕೆಲವು ದಿನ ಸಾಕು, ತರಲು ತಿಂಗಳುಗಳು ಬೇಕು. ಸೆಪ್ಟೆಂಬರಿನ ಬೋಳು ತೀರ ನೋಡಿ ಶಾಶ್ವತ ನಷ್ಟ ಎಂದು ಬರೆಯುವವರು ಈ ತಿಂಗಳುಗಳನ್ನು ಮರೆಯುತ್ತಾರೆ.

ನಿಮ್ಮ ತೀರದ ಕಣ ಎಷ್ಟು ವೇಗವಾಗಿ ಇಳಿಯುತ್ತದೆ ಎಂದು ಮನೆಯಲ್ಲೇ ನೋಡಬಹುದು. ಒಂದೂಕಾಲು ಮೀಟರ್ ಉದ್ದದ, ಎರಡಿಂಚು ಅಗಲದ ಪಾರದರ್ಶಕ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ತಳ ಮುಚ್ಚಿ, ನೀರು ತುಂಬಿಸಿ. ಒಂದು ಮೀಟರ್ ಅಂತರಕ್ಕೆ ಎರಡು ಗೆರೆ ಹಾಕಿ. ತೊಳೆದು ಒಣಗಿಸಿದ ಮರಳನ್ನು ಒಮ್ಮೆ ಒದ್ದೆ ಮಾಡಿ, ಬೆರಳ ತುದಿಯಷ್ಟನ್ನು ಬಿಡಿ, ಹೆಚ್ಚಿನ ಕಣಗಳು ಎರಡು ಗೆರೆ ದಾಟುವ ಸಮಯ ಅಳೆಯಿರಿ. 33 ಸೆಕೆಂಡು ಬಂದರೆ ವೇಗ ಸೆಕೆಂಡಿಗೆ 3 ಸೆಂ.ಮೀ. ಚಿಟಿಕೆ ದೊಡ್ಡದಾದರೆ ಕಣಗಳು ಗುಂಪಾಗಿ ಬೀಳುತ್ತವೆ, ಆಗ ವೇಗ ಸುಳ್ಳಾಗಿ ಹೆಚ್ಚು ಬರುತ್ತದೆ. ಒಣ ಮರಳು ಹಾಕಿದರೆ ಕೆಲವು ಕಣ ನೀರಿನ ಮೇಲ್ಮೈಯಲ್ಲೇ ತೇಲುತ್ತವೆ. ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ.

ಕೋಲುಗಳು ಮತ್ತು ಗುರುತುಕಲ್ಲು

ಅಮೆರಿಕದ ಕಡಲ ಭೂವಿಜ್ಞಾನಿ ಕೆ. ಓ. ಎಮರಿ 1961ರಲ್ಲಿ ಪ್ರಕಟಿಸಿದ ಎರಡು ಕೋಲಿನ ವಿಧಾನವನ್ನು ಇಂದಿಗೂ ಪ್ರಪಂಚದಾದ್ಯಂತ ಬಳಸುತ್ತಾರೆ. ಒಂದೂವರೆ ಮೀಟರ್ ಉದ್ದದ ಎರಡು ಅಲ್ಯೂಮಿನಿಯಂ ಚೌಕ ಪೈಪು ತನ್ನಿ. ಎರಡೂ ಮಿಲಿಮೀಟರಿನಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಉದ್ದ ಇರಬೇಕು. ಪಿವಿಸಿ ಪೈಪು ಬಿಸಿಲಿಗೆ ಬಾಗುತ್ತದೆ, ಬೇಡ. ಮೇಲಿನ ತುದಿಯನ್ನು ಸೊನ್ನೆ ಮಾಡಿಕೊಂಡು ಕೆಳಗೆ ಒಂದೊಂದು ಸೆಂಟಿಮೀಟರಿಗೆ ಪೇಂಟಿನಿಂದ ಗೆರೆ ಹಾಕಿ, ಐದಕ್ಕೊಂದು ಉದ್ದ ಗೆರೆ, ಹತ್ತಕ್ಕೊಂದು ಅಂಕಿ. ದರ್ಜಿಯ ಟೇಪು ಅಂಟಿಸಿದರೆ ಒದ್ದೆಯಾಗಿ ಹಿಗ್ಗುತ್ತದೆ. ಕೋಲಿನ ಬುಡಕ್ಕೆ 10 ಸೆಂ.ಮೀ. ಚೌಕದ ಹಲಗೆ ಬೋಲ್ಟು ಹಾಕಿ ಬಿಗಿಯಿರಿ. ಇಲ್ಲವಾದರೆ ಮೆದು ಮರಳಿನಲ್ಲಿ ಒಂದು ಕೋಲು ಎರಡು ಸೆಂ.ಮೀ., ಇನ್ನೊಂದು ನಾಲ್ಕು ಸೆಂ.ಮೀ. ಹೂತು ಇಡೀ ಅಳತೆ ಕೆಡುತ್ತದೆ. ಎರಡು ಕೋಲುಗಳ ನಡುವಿನ ಅಂತರಕ್ಕೆ ಹಗ್ಗ ಬಳಸಬೇಡಿ, ನೈಲಾನ್ ಹಗ್ಗ ಜಗ್ಗುತ್ತದೆ. ಎರಡು ಮೀಟರಿನ ನೇರವಾದ ರೀಪೇ ಸರಿ. ಕೋಲು ನೆಟ್ಟಗಿದೆಯೇ ಎಂದು ನೋಡಲು ಮೇಸ್ತ್ರಿಗಳ ರಸಮಟ್ಟವನ್ನು ಪ್ರತಿ ಕೋಲಿಗೂ ಕಟ್ಟಿ.

ಇದಕ್ಕಿಂತ ಮುಖ್ಯವಾದದ್ದು ಗುರುತುಕಲ್ಲು. ಅಳತೆ ಪ್ರತಿಸಲವೂ ಅದೇ ಬಿಂದುವಿನಿಂದ, ಅದೇ ಎತ್ತರದಿಂದ, ಅದೇ ದಿಕ್ಕಿನಲ್ಲಿ ಹೊರಡಬೇಕು. ಮಳೆಗಾಲಕ್ಕೆ ಜಗ್ಗದ ಜಾಗ ಆರಿಸಿ: ಬಾವಿಕಟ್ಟೆ, ದೈವಸ್ಥಾನದ ಕಟ್ಟೆ, ಮಸೀದಿ ಅಥವಾ ಚರ್ಚಿನ ಕಾಂಪೌಂಡಿನ ಮೂಲೆ, ಸೇತುವೆಯ ಕಾಂಕ್ರೀಟು. ತೆಂಗಿನ ಮರ ಬೇಡ, ಅದು ಬೆಳೆಯುತ್ತದೆ, ವಾಲುತ್ತದೆ. ವಿದ್ಯುತ್ ಕಂಬವನ್ನು ಮೆಸ್ಕಾಂ, ಹೆಸ್ಕಾಂನವರು ಯಾವಾಗ ಬೇಕಾದರೂ ಸರಿಸಬಹುದು. ಆರಿಸಿದ ಬಿಂದುವಿಗೆ ಕೆಂಪು ಪೇಂಟಿನ ಗುರುತು ಹಾಕಿ, ಹಿಂದೆ 50 ಮೀಟರ್ ಒಳಗೆ ಇನ್ನೊಂದು ಗುರುತು ಹಾಕಿ. ಎರಡನ್ನೂ ಒಂದೇ ಸಾಲಿನಲ್ಲಿ ಕಾಣುವಂತೆ ನಿಂತರೆ ನೀವು ಅದೇ ಗೆರೆಯಲ್ಲಿ ಇಳಿಯುತ್ತಿದ್ದೀರಿ ಎಂದು ಖಾತ್ರಿ. ಮುಂದಿನದ್ದು ಕಡಲು ಪಾಲಾದರೆ ಹಿಂದಿನದರಿಂದ ಲೆಕ್ಕ ಮುಂದುವರಿಸಬಹುದು, ಅದಕ್ಕಾಗಿ ಎರಡರ ಎತ್ತರದ ವ್ಯತ್ಯಾಸ ಮತ್ತು ಅಂತರವನ್ನು ಮೊದಲ ದಿನವೇ ಅಳೆದು ಬರೆದಿಡಿ. ಮೊಬೈಲಿನ ಜಿಪಿಎಸ್ 3ರಿಂದ 5 ಮೀಟರ್ ತಪ್ಪಬಹುದು. ಜಾಗ ಮತ್ತೆ ಹುಡುಕಲು ಅದು ಸಾಕು, ಅಳತೆಗೆ ಸಾಲದು.

ಹತ್ತಿರದಲ್ಲಿ ಸರ್ವೇ ಆಫ್ ಇಂಡಿಯಾದ ಮಟ್ಟಗಲ್ಲು ಇದ್ದರೆ ಎತ್ತರವನ್ನು ಅದಕ್ಕೆ ಜೋಡಿಸಿ. ಇಲ್ಲವಾದರೆ ಗುರುತುಕಲ್ಲನ್ನು 10.00 ಮೀಟರ್ ಎಂದು ಇಟ್ಟುಕೊಳ್ಳಿ. ತಿಂಗಳಿಂದ ತಿಂಗಳಿಗೆ ಹೋಲಿಸಲು ಇಷ್ಟೇ ಸಾಕು.

ಅಳತೆಯ ಗೆರೆಗಳು ಎಷ್ಟು ದೂರಕ್ಕೊಂದು? ಮರವಂತೆ, ಪಡುಬಿದ್ರಿಯಂಥ ನೇರ ತೀರದಲ್ಲಿ 250ರಿಂದ 500 ಮೀಟರಿಗೊಂದು. ಅಳಿವೆ, ಬ್ರೇಕ್‌ವಾಟರ್ (ಅಲೆ ತಡೆಯಲು ಕಡಲಿಗೆ ಚಾಚಿ ಕಟ್ಟಿದ ಕಲ್ಲುದಂಡೆ), ಕಲ್ಲುಗೋಡೆಯ ತುದಿ ಇರುವಲ್ಲಿ ಎರಡೂ ಬದಿಗೆ ಒಂದು ಕಿಲೋಮೀಟರ್ ತನಕ 100 ಮೀಟರಿಗೊಂದು. ಗೋಕರ್ಣದ ಕುಡ್ಲೆ, ಓಂ ತೀರಗಳಂತೆ ಎರಡು ಗುಡ್ಡದ ಮೂತಿಗಳ ನಡುವೆ ಇರುವ ಪುಟ್ಟ ತೀರವಾದರೆ ಎರಡು ತುದಿಗೆ ಒಂದೊಂದು, ನಡುವೆ ಒಂದು. ಅಲ್ಲಿ ಮರಳು ಒಂದು ತುದಿಯಿಂದ ಇನ್ನೊಂದಕ್ಕೆ ಸರಿಯುವುದೇ ಹೆಚ್ಚು. ನಡುವೆ ಮಾತ್ರ ಅಳೆದರೆ ಏನೂ ಆಗಿಲ್ಲ ಎನ್ನಿಸುತ್ತದೆ.

ಅಳೆಯುವ ದಿನ

ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಒಂದೆರಡು ದಿನದಲ್ಲಿ ನೀರು ಅತಿ ಹೆಚ್ಚು ಇಳಿಯುತ್ತದೆ. ನಮ್ಮ ಕಡೆ ದಿನಕ್ಕೆರಡು ಇಳಿತ ಬಂದರೂ ಎರಡೂ ಸಮನಲ್ಲ. ಕೇಂದ್ರ ಸರಕಾರದ ಕಡಲ ಮಾಹಿತಿ ಸಂಸ್ಥೆ ಇನ್‌ಕಾಯಿಸ್‌ನ ಜಾಲತಾಣದಲ್ಲಿ ಉಬ್ಬರ-ಇಳಿತದ ಮುನ್ಸೂಚನೆ ನೋಡಿ, ಹಗಲಿನಲ್ಲಿ ಹೆಚ್ಚು ಇಳಿಯುವ ಹೊತ್ತನ್ನು ಆರಿಸಿ, ಅದಕ್ಕಿಂತ ಒಂದು ಗಂಟೆ ಮೊದಲು ಗುರುತುಕಲ್ಲಿನ ಬಳಿ ಇರಿ. ಮಂಗಳೂರಿನಲ್ಲಿ ದೊಡ್ಡ ಉಬ್ಬರ-ಇಳಿತದ ಅಂತರ ಸುಮಾರು ಒಂದೂವರೆ ಮೀಟರಿನೊಳಗೆ, ಕಾರವಾರದ ಕಡೆ ಅದಕ್ಕಿಂತ ಜಾಸ್ತಿ.

ಕೆಲಸ ಹೀಗೆ ಸಾಗುತ್ತದೆ. ಮೊದಲ ಕೋಲು ಗುರುತುಕಲ್ಲಿನ ಮೇಲೆ, ಎರಡನೆಯದು ರೀಪಿನ ಇನ್ನೊಂದು ತುದಿಯಲ್ಲಿ, ಕಡಲಿನ ಕಡೆ. ರೀಪು ಇಳಿಜಾರಿಗೆ ತಕ್ಕಂತೆ ಓರೆಯಾಗದೆ ಅಡ್ಡಲಾಗಿ ಮಟ್ಟವಾಗಿರಲಿ. ಅಳೆಯುವವರು ದಡದ ಕೋಲಿನ ಹಿಂದೆ ನಿಂತು, ಕಡಲಿನ ಕೋಲಿನ ತಲೆ ಮತ್ತು ಬಾನಂಚು ಒಂದೇ ಗೆರೆಯಲ್ಲಿ ಬರುವಂತೆ ಕಣ್ಣನ್ನು ಮೇಲೆ ಕೆಳಗೆ ಮಾಡುತ್ತಾರೆ. ಆ ಗೆರೆ ದಡದ ಕೋಲನ್ನು ತುದಿಯಿಂದ ಎಷ್ಟು ಕೆಳಗೆ ಕತ್ತರಿಸುತ್ತದೋ ಅಷ್ಟು ನೆಲ ಇಳಿದಿದೆ. 14 ಓದಿದರೆ ಮೈನಸ್ 14 ಎಂದು ಬರೆಯಿರಿ. ನೆಲ ಕಡಲಿನ ಕಡೆಗೆ ಏರುತ್ತಿದ್ದರೆ, ಬರ್ಮಿನ ಹಿಂಭಾಗದಲ್ಲಿ ಹೀಗಾಗುತ್ತದೆ, ದಡದ ಕೋಲಿನ ತಲೆಯಿಂದ ಬಾನಂಚಿಗೆ ನೋಡಿ ಕಡಲಿನ ಕೋಲನ್ನು ಓದಿ, ಪ್ಲಸ್ ಹಾಕಿ. ಆಮೇಲೆ ಹಿಂದಿನ ಕೋಲು ಮುಂದಿನ ಕೋಲಿದ್ದ ಅದೇ ಗುರುತಿಗೆ ಬರುತ್ತದೆ, ಮುಂದಿನದು ಇನ್ನೆರಡು ಮೀಟರ್ ಮುಂದೆ. ಹೀಗೆ ನೀರಿನವರೆಗೆ, ಶಾಂತ ತಿಂಗಳಲ್ಲಿ ಮೊಣಕಾಲಿನ ಆಳದವರೆಗೆ.

ಪ್ಲಸ್-ಮೈನಸ್ ಅದಲುಬದಲಾಗುವುದು ಅತಿ ಸಾಮಾನ್ಯ ತಪ್ಪು. ಅದನ್ನು ಹಿಡಿಯಲು ಬರೆಯುವವರು ಪ್ರತಿ ಓದನ್ನೂ ಗಟ್ಟಿಯಾಗಿ ತಿರುಗಿ ಹೇಳಲಿ: "ಇಳಿತ, ಹದಿನಾಲ್ಕು." ಪ್ರತಿ ಓದಿನ ಪಕ್ಕ ನೆಲದ ಗುರುತನ್ನೂ ಸೇರಿಸಿ: ಬಳ್ಳಿಯ ಅಂಚು, ಬರ್ಮಿನ ತುದಿ, ನಿನ್ನೆಯ ಉಬ್ಬರ ಬಿಟ್ಟ ಕಸದ ಗೆರೆ, ಕಪ್ಪು ಮರಳಿನ ಪಟ್ಟಿ, ಒದ್ದೆ ಮರಳು ಶುರುವಾಗುವ ಜಾಗ, ನೀರಿನ ಅಂಚು ಮತ್ತು ಆ ಹೊತ್ತಿನ ಗಂಟೆ. ಕಪ್ಪು ಪಟ್ಟಿಯನ್ನು ನಿರ್ಲಕ್ಷಿಸಬೇಡಿ. ಇಲ್ಮೆನೈಟಿನಂಥ ಖನಿಜ ಸ್ಫಟಿಕ ಮರಳಿಗಿಂತ ಸುಮಾರು ಒಂದೂಮುಕ್ಕಾಲು ಪಟ್ಟು ಭಾರ. ಅಲೆ ಹಗುರ ಮರಳನ್ನು ಒಯ್ದಾಗ ಇದು ಹಿಂದೆ ಉಳಿಯುತ್ತದೆ. ದಪ್ಪ ಕಪ್ಪು ಪದರ ಕಂಡರೆ ಅಲ್ಲಿ ಇತ್ತೀಚೆಗೆ ಕೊರೆತ ನಡೆದಿದೆ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು.

ಮಂಜು, ಮಳೆಯಲ್ಲಿ ಬಾನಂಚು ಕಾಣದಿದ್ದರೆ ಮೇಸ್ತ್ರಿಗಳು ಮನೆ ಕಟ್ಟುವಾಗ ಬಳಸುವ ಲೆವೆಲ್ ಪೈಪು ತನ್ನಿ. ಎರಡು ತುದಿಯನ್ನು ಎರಡು ಕೋಲಿಗೆ ಹಿಡಿದು ನೀರಿನ ಮಟ್ಟ ಓದಿದರೆ ಆಯಿತು. ಪೈಪಿನೊಳಗೆ ಗಾಳಿಗುಳ್ಳೆ ಇದ್ದರೆ ಓದು ತಪ್ಪುತ್ತದೆ. ಬಾನಂಚಿನ ವಿಧಾನದಲ್ಲೂ ಒಂದು ಸಣ್ಣ ಓರೆ ಇದೆ. ಭೂಮಿ ಗುಂಡಗಿರುವುದರಿಂದ ಬಾನಂಚು ನಿಜವಾದ ಮಟ್ಟಕ್ಕಿಂತ ತುಸು ಕೆಳಗೆ ಕಾಣುತ್ತದೆ. ಕಡಲಮಟ್ಟದಿಂದ ಕಣ್ಣು 4 ಮೀಟರ್ ಎತ್ತರದಲ್ಲಿದ್ದಾಗ ಪ್ರತಿ ಎರಡು ಮೀಟರ್ ಹೆಜ್ಜೆಗೆ ಸುಮಾರು 2 ಮಿಲಿಮೀಟರ್ ಇಳಿಜಾರು ಕಡಿಮೆ ಬರುತ್ತದೆ. 40 ಹೆಜ್ಜೆಗೆ 8 ಸೆಂ.ಮೀ. ಇದು ಪ್ರತಿ ತಿಂಗಳೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಹೋಲಿಕೆಯಲ್ಲಿ ಬಹುಪಾಲು ಕಳೆದುಹೋಗುತ್ತದೆ. ಆದರೆ ಒಂದು ತಿಂಗಳು ಬಾನಂಚು, ಇನ್ನೊಂದು ತಿಂಗಳು ಪೈಪು ಬಳಸಿದರೆ ಆ 8 ಸೆಂ.ಮೀ. ಮರಳಿನ ಏರಿಳಿತದ ವೇಷ ಹಾಕಿಕೊಂಡು ಬರುತ್ತದೆ. ಯಾವ ವಿಧಾನ ಬಳಸಿದಿರಿ ಎಂದು ಪುಟದ ಮೇಲೆ ಬರೆಯಿರಿ.

ತಿಂಗಳಿಗೊಮ್ಮೆ ಆದರೆ ಒಳ್ಳೆಯದು. ಆಗದಿದ್ದರೆ ನಾಲ್ಕು ಸಲ ತಪ್ಪಿಸಬಾರದು: ಮೇ ಕೊನೆ, ಸೆಪ್ಟೆಂಬರ್ ಕೊನೆ, ಡಿಸೆಂಬರ್, ಫೆಬ್ರವರಿ. ಜೂನ್‌ನಿಂದ ಆಗಸ್ಟ್‌ವರೆಗೆ ಅಲೆಯ ನೊರೆ ತಲುಪುವ ಗೆರೆಯಿಂದ ಆಚೆ ಕಾಲಿಡಬೇಡಿ. ಕೊರೆದು ನಿಂತ ಮರಳಿನ ಅಂಚಿನ ಮೇಲೂ ನಿಲ್ಲಬೇಡಿ, ಅದು ಸೂಚನೆ ಕೊಡದೆ ಕುಸಿಯುತ್ತದೆ.

ಓದಿನಿಂದ ಘನ ಮೀಟರಿಗೆ

ಓದುಗಳನ್ನು ಒಂದೊಂದಾಗಿ ಕೂಡಿಸುತ್ತ ಹೋದರೆ ಪ್ರತಿ ಎರಡು ಮೀಟರಿಗೆ ನೆಲದ ಎತ್ತರ ಸಿಗುತ್ತದೆ. ಒಂದು ಕೆಳಮಿತಿ ಆರಿಸಿ, ಉದಾಹರಣೆಗೆ ಗುರುತುಕಲ್ಲಿನಿಂದ 5 ಮೀಟರ್ ಕೆಳಗೆ, ಮತ್ತು ಅದನ್ನು ಎಂದೂ ಬದಲಿಸಬೇಡಿ. ಅದರಿಂದ ಮೇಲಿರುವ ಎತ್ತರಗಳು ಅನುಕ್ರಮವಾಗಿ 4.20, 4.05, 3.78 ಮೀಟರ್ ಎಂದುಕೊಳ್ಳಿ. ಮೊದಲ ಹೆಜ್ಜೆಯ ವಿಸ್ತೀರ್ಣ 2 × (4.20 + 4.05) ÷ 2 = 8.25 ಚದರ ಮೀಟರ್, ಎರಡನೆಯದು 2 × (4.05 + 3.78) ÷ 2 = 7.83. ಕೂಡಿದರೆ 16.08. ಗೆರೆಯ ಕೊನೆಯವರೆಗೆ ಹೀಗೆ ಕೂಡಿಸಿದ ಮೊತ್ತವೇ ತೀರದ ಪ್ರತಿ ಒಂದು ಮೀಟರ್ ಉದ್ದಕ್ಕೆ ಇರುವ ಮರಳಿನ ಘನ ಮೀಟರು. ಎರಡು ತಿಂಗಳನ್ನು ಹೋಲಿಸುವಾಗ ಎರಡೂ ಸಲ ತಲುಪಿದ ದೂರದವರೆಗೆ ಮಾತ್ರ ಕೂಡಿಸಿ. ಇಲ್ಲವಾದರೆ ಮೇಯಲ್ಲಿ 80 ಮೀಟರ್, ಸೆಪ್ಟೆಂಬರಿನಲ್ಲಿ 56 ಮೀಟರ್ ಅಳೆದದ್ದೇ ಭಾರಿ ನಷ್ಟದಂತೆ ಕಾಣುತ್ತದೆ.

ಮೇಯಲ್ಲಿ 142, ಸೆಪ್ಟೆಂಬರಿನಲ್ಲಿ 97 ಬಂದಿತು ಎನ್ನೋಣ. ಪ್ರತಿ ಮೀಟರಿಗೆ 45 ಘನ ಮೀಟರ್ ಹೋಗಿದೆ. ಆ ಗೆರೆ 250 ಮೀಟರ್ ತೀರವನ್ನು ಪ್ರತಿನಿಧಿಸಿದರೆ 11,250 ಘನ ಮೀಟರ್. ಸಡಿಲ ಒಣ ಮರಳು ಘನ ಮೀಟರಿಗೆ ಸುಮಾರು 1.6 ಟನ್ ತೂಗುವುದರಿಂದ ಇದು 18,000 ಟನ್. ಫೆಬ್ರವರಿಯಲ್ಲಿ 138ಕ್ಕೆ ಏರಿದರೆ ಅಂಥ ತೀರ ಆರೋಗ್ಯವಾಗಿದೆ, ಉಳಿದ 4 ಅಳತೆಯ ತಪ್ಪಿನೊಳಗೆ ಬರುತ್ತದೆ. 110ರಲ್ಲೇ ನಿಂತರೆ ಮರಳು ಬೇರೆಲ್ಲೋ ಹೋಗಿದೆ, ಹುಡುಕಬೇಕು. ಮೇಯನ್ನು ಮುಂದಿನ ಮೇ ಜೊತೆಗೆ, ಸೆಪ್ಟೆಂಬರನ್ನು ಸೆಪ್ಟೆಂಬರಿನ ಜೊತೆಗೆ ಮಾತ್ರ ಹೋಲಿಸಿ.

ಕೋಲು ತಲುಪದ ನೀರಿನಡಿಯ ಭಾಗಕ್ಕೆ ಒಂದು ಸ್ಥೂಲ ನಿಯಮ ಇದೆ. ಅಲೆಗಳು ತಳದ ಮರಳನ್ನು ಗಣನೀಯವಾಗಿ ಕದಲಿಸುವ ಆಳ 7 ಮೀಟರ್, ಬರ್ಮಿನ ಎತ್ತರ 3 ಮೀಟರ್ ಇದ್ದರೆ, ವರ್ಷಗಳ ಅವಧಿಯಲ್ಲಿ ತೀರ ಶಾಶ್ವತವಾಗಿ ಒಂದು ಮೀಟರ್ ಹಿಂದೆ ಸರಿಯುವುದೆಂದರೆ ಪ್ರತಿ ಮೀಟರ್ ಉದ್ದಕ್ಕೆ 10 ಘನ ಮೀಟರ್ ಮರಳು ಕಳೆದಂತೆ. ಒಂದು ಕಿಲೋಮೀಟರಿಗೆ 10,000 ಘನ ಮೀಟರ್. ಹೊರಗಿನಿಂದ ಮರಳು ತಂದು ಸುರಿಯುವ ಯೋಜನೆಯ ಮಾತು ಬಂದಾಗ ಈ ಅಂಕಿಯನ್ನು ಮುಂದಿಡಿ.

ತೀರದುದ್ದಕ್ಕೆ ಸಾಗುವ ಮರಳು

ಅಲೆ ದಡಕ್ಕೆ ಓರೆಯಾಗಿ ಒಡೆದರೆ ಒಡೆಯುವ ವಲಯದಲ್ಲಿ ತೀರಕ್ಕೆ ಸಮಾನಾಂತರವಾಗಿ ಪ್ರವಾಹ ಹುಟ್ಟುತ್ತದೆ, ಮರಳು ಅದರ ಜೊತೆ ಸಾಗುತ್ತದೆ. ಇದನ್ನು ನೋಡಲು ನಾಲ್ಕು ಸಂಗತಿ ಬೇಕು.

ಅವಧಿ: ಒಂದೇ ಜಾಗದಲ್ಲಿ ಹನ್ನೊಂದು ಅಲೆ ಒಡೆಯುವವರೆಗೆ ಸಮಯ ಅಳೆದು ಹತ್ತರಿಂದ ಭಾಗಿಸಿ. ಎತ್ತರ: ತೀರದಲ್ಲಿ ಮೇಲೆ ಕೆಳಗೆ ನಡೆದು ಒಡೆಯುವ ಅಲೆಯ ನೆತ್ತಿ ಬಾನಂಚಿಗೆ ತಾಗುವಂತೆ ಕಾಣುವ ಜಾಗದಲ್ಲಿ ನಿಲ್ಲಿ. ಆಗ ನೆತ್ತಿಯ ಎತ್ತರ ನಿಮ್ಮ ಕಣ್ಣಿನ ಎತ್ತರವೇ. ನಿಮ್ಮ ಅಳತೆಯಿಂದ ಆ ಜಾಗದ ಎತ್ತರ ಗೊತ್ತಿದೆ, ಅದಕ್ಕೆ ಕಣ್ಣಿನ ಎತ್ತರ ಕೂಡಿಸಿ, ಶಾಂತ ನೀರಿನ ಮಟ್ಟ ಕಳೆದು, 1.3ರಿಂದ ಗುಣಿಸಿ. ಅಲೆಯ ಸುಮಾರು ಮುಕ್ಕಾಲು ಭಾಗ ಶಾಂತ ಮಟ್ಟದಿಂದ ಮೇಲಿರುವುದರಿಂದ ಈ ಗುಣಾಕಾರ. ಕೋನ: ಒಡೆಯುವ ನೆತ್ತಿ ತೀರದ ಗೆರೆಯೊಡನೆ ಮಾಡುವ ಕೋನವನ್ನು ಕೋನಮಾಪಕ ಅಂಟಿಸಿದ ಹಲಗೆಯಿಂದ ಓದಿ. ಪ್ರವಾಹ: ಒಂದು ಬೊಂಡವನ್ನು ಅಲೆ ಒಡೆಯುವ ಜಾಗಕ್ಕೆ ಎಸೆದು ಎರಡು ನಿಮಿಷದಲ್ಲಿ ಎಷ್ಟು ಮೀಟರ್, ಯಾವ ದಿಕ್ಕಿಗೆ ಹೋಯಿತು ಎಂದು ಅಳೆಯಿರಿ. ಬೊಂಡ ಬಹುಪಾಲು ಮುಳುಗಿಯೇ ತೇಲುವುದರಿಂದ ಗಾಳಿ ಅದನ್ನು ತಳ್ಳುವುದು ಕಡಿಮೆ. ಪ್ಲಾಸ್ಟಿಕ್ ಬಾಟಲಿ ಗಾಳಿಯ ದಿಕ್ಕನ್ನು ತೋರಿಸುತ್ತದೆ. ಬೊಂಡ ನೇರ ಆಚೆ ಕಡಲಿಗೆ ಹೋದರೆ ಅದು ಹಿಂಸೆಳೆತದ ಜಾಗ, ಅಳತೆಗೆ ನೂರು ಮೀಟರ್ ಸರಿಯಿರಿ, ಈಜಲು ಬರುವವರಿಗೂ ತಿಳಿಸಿ.

ಅಲೆಯ ಶಕ್ತಿಯಿಂದ ಮರಳಿನ ಪ್ರಮಾಣ ಅಂದಾಜಿಸುವ ಸರ್ಕ್ ಸೂತ್ರದಂತೆ, ಒಂದು ಮೀಟರ್ ಅಲೆ 5 ಡಿಗ್ರಿ ಓರೆಯಲ್ಲಿ ಒಡೆದರೆ ದಿನಕ್ಕೆ ಸುಮಾರು 2,700 ಘನ ಮೀಟರ್ ಮರಳು ಸಾಗಬಲ್ಲದು. ಎತ್ತರ ಎರಡು ಮೀಟರಾದರೆ ಅದು ಐದೂವರೆ ಪಟ್ಟಿಗಿಂತ ಹೆಚ್ಚು, 15,000ಕ್ಕೆ ಏರುತ್ತದೆ. ಕೋನದಲ್ಲಿ 2 ಡಿಗ್ರಿ ತಪ್ಪಿದರೆ ಉತ್ತರದಲ್ಲಿ ಶೇಕಡಾ 40 ತಪ್ಪು. ಸೂತ್ರದ ಗುಣಾಂಕವೇ ಎರಡು ಮೂರು ಪಟ್ಟು ಆಚೀಚೆ ಆಗಬಲ್ಲದು. ಆದ್ದರಿಂದ ಈ ಅಂಕಿಯನ್ನು ಯಾವ ಕಡೆಗೆ, ಯಾವಾಗ ಹೆಚ್ಚು ಎಂದು ತಿಳಿಯಲು ಬಳಸಿ. ಗುತ್ತಿಗೆಯ ಅಂದಾಜುಪಟ್ಟಿಯಲ್ಲಿ ಇದೊಂದನ್ನೇ ಆಧಾರ ಮಾಡಿಕೊಂಡ ಅಂಕಿ ಕಂಡರೆ ಪ್ರಶ್ನಿಸಿ.

ಪೂರ್ವ ಕರಾವಳಿಯ ಅನುಭವವನ್ನು ಇಲ್ಲಿಗೆ ಹಾಗೇ ತರಬೇಡಿ. ಚೆನ್ನೈಯಲ್ಲಿ ವರ್ಷದ ಒಟ್ಟು ಸಾಗಣೆ ಸ್ಪಷ್ಟವಾಗಿ ಉತ್ತರಕ್ಕೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದರು ಕಟ್ಟಿದ ಮೇಲೆ ದಕ್ಷಿಣದಲ್ಲಿ ಮರೀನಾ ಬೆಳೆಯಿತು, ಉತ್ತರದಲ್ಲಿ ರಾಯಪುರಂ ಕೊರೆಯಿತು. ನಮ್ಮಲ್ಲಿ ಋತುವಿನೊಂದಿಗೆ ದಿಕ್ಕು ಬದಲಾಗುತ್ತದೆ, ಎರಡು ದೊಡ್ಡ ಅಂಕಿಗಳ ನಡುವಿನ ಸಣ್ಣ ವ್ಯತ್ಯಾಸವೇ ವರ್ಷದ ಉಳಿಕೆ. ಐದಾರು ಕಿಲೋಮೀಟರಿನಲ್ಲೇ ಅದು ಮಗುಚಬಹುದು. ಮಾರ್ಚ್-ಏಪ್ರಿಲಿನ ಮಧ್ಯಾಹ್ನ ವಾಯವ್ಯದ ಗಾಳಿ ಎಬ್ಬಿಸುವ ಸಣ್ಣ ಅಲೆಗಳನ್ನು ಮಾತ್ರ ನೋಡಿದರೆ ಮರಳೆಲ್ಲ ದಕ್ಷಿಣಕ್ಕೆ ಹೋಗುತ್ತಿದೆ ಎನ್ನಿಸುತ್ತದೆ. ಅದೇ ದಿನ ಬೆಳಿಗ್ಗೆ ಏಳಕ್ಕೆ ಬಂದು ನೈಋತ್ಯದ ಉದ್ದ ಅಲೆಗಳನ್ನೂ ಅಳೆಯಿರಿ.

ಅಳಿವೆಯ ಪಕ್ಕದ ತೀರ

ಅಳಿವೆ ಹತ್ತಿರವಿದ್ದರೆ ಮೇಲಿನ ಲೆಕ್ಕ ಸಾಲದು. ಮಲ್ಪೆಯ ದಕ್ಷಿಣಕ್ಕೆ ಉದ್ಯಾವರ ಹೊಳೆ, ಕೋಡಿ ಬೆಂಗ್ರೆಯಲ್ಲಿ ಸೀತಾ-ಸ್ವರ್ಣಾ, ಮೂಲ್ಕಿಯಲ್ಲಿ ಶಾಂಭವಿ-ನಂದಿನಿ, ಇವೆಲ್ಲ ಕಡಲಿಗೆ ನೇರವಾಗಿ ನುಗ್ಗದೆ ಮರಳಿನ ಬೆಂಗ್ರೆಯ ಹಿಂದೆ ಸಾಗಿ ಬಾಯಿ ತೆರೆಯುತ್ತವೆ. ಬೆಂಗ್ರೆ ವರ್ಷವರ್ಷ ಉದ್ದವಾಗುತ್ತದೆ, ಬಾಯಿ ಸರಿಯುತ್ತದೆ, ಒಂದು ದೊಡ್ಡ ನೆರೆಗೆ ಕುತ್ತಿಗೆಯಲ್ಲಿ ಕಡಿದು ಹೊಸ ಬಾಯಿ ಆಗಬಹುದು. ಬೆಂಗ್ರೆಯ ತುದಿಯನ್ನೂ, ಅತಿ ಕಿರಿದಾದ ಕುತ್ತಿಗೆಯ ಅಗಲವನ್ನೂ ಮೇ ಮತ್ತು ಅಕ್ಟೋಬರಿನಲ್ಲಿ ಅಳೆಯಿರಿ. ಇದಕ್ಕೆ ಸಾದಾ ಟೇಪು ಸಾಕು.

ಅಳಿವೆಯ ಹೊರಗಿನ ದಿಬ್ಬ ತೀರದ ದೊಡ್ಡ ಉಗ್ರಾಣ. ಒಂದು ಬದಿಯಿಂದ ಬಂದ ಮರಳು ಅದರ ಮೇಲೆ ಹಾದು ಇನ್ನೊಂದು ಬದಿಯ ತೀರ ಸೇರುತ್ತದೆ. ಬಾಯಿಯ ಎರಡೂ ಕಡೆ ಬ್ರೇಕ್‌ವಾಟರ್ ಚಾಚಿದಾಗ ಹೊಳೆಯ ನೀರು ಬಿಗಿಯಾಗಿ ಹರಿದು ಈ ಮರಳನ್ನು ಇನ್ನೂ ಆಳಕ್ಕೆ ಒಯ್ಯುತ್ತದೆ, ಅಲೆ ಅದನ್ನು ವಾಪಸ್ ತರಲಾರದು. ದೋಣಿಗಳಿಗೆ ದಾರಿ ಸಿಗುತ್ತದೆ, ಪಕ್ಕದ ತೀರಕ್ಕೆ ಮರಳು ತಪ್ಪುತ್ತದೆ. ನೇತ್ರಾವತಿ-ಗುರುಪುರ ಹೊಳೆಗಳ ಅಳಿವೆಯಲ್ಲಿ 1990ರ ದಶಕದಲ್ಲಿ ಬ್ರೇಕ್‌ವಾಟರ್ ಬಂದ ನಂತರ ಉತ್ತರದ ಬೆಂಗ್ರೆ ಊರಿನ ಕಡೆ ಮರಳು ಸೇರಿದ್ದು, ಉಳ್ಳಾಲದ ಕಡೆ ಕೊರೆದದ್ದು ಹಲವು ಅಧ್ಯಯನಗಳಲ್ಲಿ ದಾಖಲಾಗಿದೆ. ಅಲ್ಲಿ ಆಮೇಲೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ಕೃತಕ ದಿಬ್ಬಗಳನ್ನು ಕಟ್ಟಬೇಕಾಯಿತು. ಬಂದರಿನ ಕಾಲುವೆಯಿಂದ ಎತ್ತಿದ ಹೂಳು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಅದು ಕೆಸರಾದರೆ ತೀರಕ್ಕೆ ಉಪಯೋಗವಿಲ್ಲ. ಮರಳಾದರೆ ದೂರದ ಕಡಲಿಗೆ ಸುರಿಯುವುದು ಊರಿನ ಆಸ್ತಿಯನ್ನು ಎಸೆದಂತೆ, ಕೊರೆಯುತ್ತಿರುವ ಬದಿಗೆ ಹಾಕುವಂತೆ ಒತ್ತಾಯಿಸಿ.

ಕಲ್ಲುಗೋಡೆಯ ತುದಿಗಳಲ್ಲಿ ವಿಶೇಷ ಗಮನ ಬೇಕು. ಗೋಡೆ ಹಿಂದಿನ ಮರಳನ್ನು ಹಿಡಿದಿಡುತ್ತದೆ, ಮುಂದಿನ ತೀರಕ್ಕೆ ಬರಬೇಕಾದ ಪಾಲು ನಿಲ್ಲುತ್ತದೆ. ಬುಡದಲ್ಲಿ ಮರಳು ಇಳಿದು ಕಲ್ಲು ಹೂತುಹೋಗುತ್ತದೆ, ಗೋಡೆ ಮುಗಿಯುವ ಜಾಗದಿಂದ ಆಚೆಯ ಮನೆಗಳ ಮುಂದೆ ಕೊರೆತ ಜೋರಾಗುತ್ತದೆ. ಗೋಡೆ ಕಟ್ಟುವ ಮೊದಲೇ ತುದಿಯಿಂದ 50, 100, 200, 400 ಮೀಟರಿನಲ್ಲಿ ಗೆರೆ ಅಳೆದಿಟ್ಟರೆ ಆಮೇಲೆ ವಾದಕ್ಕೆ ಆಸ್ಪದವಿರುವುದಿಲ್ಲ.

ಉಪಗ್ರಹ ಚಿತ್ರ ನೋಡುವಾಗ

ಸೆಂಟಿನೆಲ್-2 ಚಿತ್ರಗಳು 2015ರಿಂದ ಉಚಿತವಾಗಿ ಸಿಗುತ್ತವೆ, ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್. ಲ್ಯಾಂಡ್‌ಸ್ಯಾಟ್‌ನ 30 ಮೀಟರಿನ ಚಿತ್ರಗಳು 1980ರ ದಶಕದಿಂದ ಇವೆ. ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಚಿತ್ರಗಳನ್ನು ಹೋಲಿಸಿ ದೇಶದ ತೀರದ ಸುಮಾರು ಮೂರನೇ ಒಂದು ಭಾಗ ಕೊರೆಯುತ್ತಿದೆ ಎಂದು ತೋರಿಸಿದೆ. ಹಳೆಯ ಪ್ರವೃತ್ತಿ ತಿಳಿಯಲು ಇವು ಒಳ್ಳೆಯವು. ಮೋಸ ಹೋಗುವುದು ನೀರಿನ ಅಂಚಿನಲ್ಲಿ. ಇಳಿಜಾರು 20ಕ್ಕೆ 1 ಇರುವ ತೀರದಲ್ಲಿ ಒಂದು ಮೀಟರ್ ಉಬ್ಬರ ಅಂಚನ್ನು 20 ಮೀಟರ್ ಸರಿಸುತ್ತದೆ. ಚಿತ್ರ ತೆಗೆದ ಗಂಟೆಯ ಉಬ್ಬರ ನೋಡಿ ಸರಿಪಡಿಸಿ, ಅಥವಾ ನೀರಿನ ಬದಲು ಗಿಡಬಳ್ಳಿಯ ಅಂಚನ್ನು ಗೆರೆಯಾಗಿ ಎಳೆಯಿರಿ. ಮೋಡದಿಂದಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿತ್ರ ಸಿಗುವುದು ಅಪರೂಪ. ಜನವರಿ-ಫೆಬ್ರವರಿಯ ಚಿತ್ರಗಳನ್ನೇ ವರ್ಷದಿಂದ ವರ್ಷಕ್ಕೆ ಹೋಲಿಸಿ.

ದಿಬ್ಬದಲ್ಲಿ ಮರಳು ಉಳಿಸುವುದು

ಗಂಟೆಗೆ ಸುಮಾರು 20 ಕಿಲೋಮೀಟರ್ ಮೀರಿದ ಗಾಳಿಗೆ ಒಣ ಮರಳು ಹಾರಲು ಶುರುವಾಗುತ್ತದೆ. ಅದನ್ನು ಹಿಡಿಯಲು ಅತಿ ದೊಡ್ಡ ಉಬ್ಬರದ ಗೆರೆಯಿಂದ ಮೇಲೆ, ಬಳ್ಳಿಯ ಅಂಚಿನಲ್ಲಿ, ಮಡಲಿನಿಂದ ಒಂದು ಮೀಟರ್ ಎತ್ತರದ ಬೇಲಿ ಹಾಕಿ. ಅರ್ಧ ಭಾಗ ತೆರವಾಗಿರಬೇಕು. ಸಂದಿಲ್ಲದೆ ನೇಯ್ದ ತಡಿಕೆ ಗಾಳಿಯನ್ನು ಮೇಲಕ್ಕೆ ಎತ್ತಿ ಬುಡದ ಮರಳನ್ನೇ ಕೆರೆಯುತ್ತದೆ. ಹದಿನೈದು ಮೀಟರಿಗೊಂದು ಎರಡು ಮೀಟರ್ ಅಗಲದ ಸಂದು ಬಿಡಿ, ಚಳಿಗಾಲದಲ್ಲಿ ಮೊಟ್ಟೆಯಿಡಲು ಬರುವ ಕಡಲಾಮೆಗಳಿಗೂ ದೋಣಿ ಎಳೆಯುವವರಿಗೂ ದಾರಿ ಬೇಕು. ಬೇಲಿ ತುಂಬಿದ ಮೇಲೆ ಮೊದಲ ಮಳೆಗೆ ಅಡುಂಬು ಬಳ್ಳಿಯ ಮೂರು ಗೆಣ್ಣಿನ ತುಂಡುಗಳನ್ನು ಎರಡು ಗೆಣ್ಣು ಹೂಳುವಂತೆ ನೆಡಿ. ಗಾಳಿಮರ ಬೇಗ ಬೆಳೆಯುತ್ತದೆ ನಿಜ, ಅದರ ಕೆಳಗೆ ಬಳ್ಳಿ-ಹುಲ್ಲು ನಿಲ್ಲುವುದಿಲ್ಲ, ಕೊರೆತ ಬಂದಾಗ ಬುಡಸಮೇತ ಉರುಳಿ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ದಿಬ್ಬದ ಮರಳನ್ನು ಅಂಗಳಕ್ಕೆ, ಅಡಿಪಾಯಕ್ಕೆ ತೆಗೆಯುವುದು ನಿಲ್ಲದಿದ್ದರೆ ಬೇಲಿ ಹಾಕಿ ಪ್ರಯೋಜನವಿಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಅದಕ್ಕೆ ನಿಷೇಧವೂ ಇದೆ.

ದಾಖಲೆ ಹೇಗಿರಬೇಕು

ಪ್ರತಿ ಗೆರೆಗೆ ಒಂದು ನೋಟ್‌ಬುಕ್ಕು. ಮೊದಲ ಪುಟದಲ್ಲಿ ಗುರುತುಕಲ್ಲಿನ ಚಿತ್ರ, ಹಿಂದಿನ ಗುರುತಿಗೆ ಅಂತರ, ದಿಕ್ಸೂಚಿಯ ಓದು, ಕೆಳಮಿತಿ. ಪ್ರತಿ ಅಳತೆಗೆ ತಾರೀಕು, ಗಂಟೆ, ಉಬ್ಬರದ ಮಟ್ಟ, ಅಳೆದವರ ಹೆಸರು, ಬಾನಂಚೋ ಪೈಪೋ, ಅಲೆಯ ಎತ್ತರ-ಅವಧಿ-ದಿಕ್ಕು, ಹಿಂದಿನ ಸಲದ ನಂತರ ನಡೆದ ಘಟನೆ: ಚಂಡಮಾರುತ, ನೆರೆ, ಹೂಳೆತ್ತಿದ್ದು, ಮರಳು ತೆಗೆದ ಲಾರಿಗಳ ಸಂಖ್ಯೆ, ಕಲ್ಲು ಹಾಕಿದ್ದು. ಅದೇ ಜಾಗದಲ್ಲಿ ನಿಂತು ಉತ್ತರಕ್ಕೊಂದು, ದಕ್ಷಿಣಕ್ಕೊಂದು ಫೋಟೋ. ತಪ್ಪಾದ ಓದನ್ನು ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ. ಅದೇ ದಿನ ಸಂಜೆ ಪುಟಗಳ ಫೋಟೋ ತೆಗೆದು ಇಬ್ಬರ ಬಳಿ ಇಡಿ.

ಬಂದರು ಇಲಾಖೆಯ ಎಂಜಿನಿಯರರ ಬಳಿ ಹೋಗುವಾಗ ಎರಡು ಹಾಳೆ ಒಯ್ಯಿರಿ: ಎರಡು ಮೇ ತಿಂಗಳ ನೆಲದ ಗೆರೆಗಳನ್ನು ಒಂದರ ಮೇಲೊಂದು ಬಿಡಿಸಿದ ಗ್ರಾಫು, ಮತ್ತು ಗೆರೆವಾರು ಘನ ಮೀಟರಿನ ಪಟ್ಟಿ. ಪಟ್ಟಿಯ ಪ್ರತಿ ಅಂಕಿಯ ಪಕ್ಕ ತಪ್ಪಿನ ಮಿತಿ ಬರೆಯಿರಿ. ಅದನ್ನು ತಿಳಿಯಲು ಸುಲಭ ದಾರಿ, ಒಂದೇ ಗೆರೆಯನ್ನು ಒಂದೇ ಇಳಿತದಲ್ಲಿ ಬೇರೆ ಇಬ್ಬರು ಮತ್ತೆ ಅಳೆಯುವುದು. ಎರಡು ಉತ್ತರಗಳ ವ್ಯತ್ಯಾಸವೇ ನಿಮ್ಮ ತಪ್ಪಿನ ಅಂದಾಜು. ಅದಕ್ಕಿಂತ ಕಡಿಮೆ ಇರುವ ಯಾವ ಏರಿಳಿತವನ್ನೂ ಕೊರೆತ ಎಂದೋ ಶೇಖರಣೆ ಎಂದೋ ಪಟ್ಟಿಯಲ್ಲಿ ಬರೆಯಬೇಡಿ.